ಚಳಿಗಾಲದ ಬಿಸಿನೀರು: ಗ್ಯಾಸ್ ಗೀಸರಿನ ಆರೈಕೆ ಮತ್ತು ಎಚ್ಚರ

ಕಾರ್ತಿಕ ಮಾಸ ಕಳೆದು ಮಾರ್ಗಶಿರ ಕಾಲಿಡುತ್ತಿದ್ದಂತೆ ಬೆಂಗಳೂರಿನ ಮುಂಜಾವು ಮೈ ನಡುಗಿಸತೊಡಗುತ್ತದೆ. 1884ರ ಜನವರಿ 13ರಂದು ಈ ನಗರದ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತೆಂದು ಹವಾಮಾನ ದಾಖಲೆ ಹೇಳುತ್ತದೆ. ಅಂತಹ ಚಳಿ ಮತ್ತೆ ಬಂದಿಲ್ಲವಾದರೂ, ಮರಗಿಡಗಳಿಂದ ತುಂಬಿದ ಜ್ಞಾನಭಾರತಿಯ ಆವರಣಕ್ಕೆ ಹೊಂದಿಕೊಂಡಿರುವ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿಗಳಲ್ಲಿ ನಸುಕಿನಲ್ಲೆದ್ದು ಸ್ನಾನ ಪೂಜಾದಿಗಳನ್ನು ಪೂರೈಸುವ ಹಿರಿಯರಿಗೂ ಶಾಲೆಗೆ ಹೊರಡುವ ಮಕ್ಕಳಿಗೂ ಬಿಸಿನೀರು ಬೇಕೇ ಬೇಕು. ಸ್ವಂತ ಮನೆಯುಳ್ಳವರ ತಾರಸಿಯ ಮೇಲೆ ಸೌರ ಜಲತಾಪಕವಿದ್ದೀತು. ಬಾಡಿಗೆ ಮನೆಗಳಲ್ಲಿ ಮತ್ತು ಚಿಕ್ಕ ಫ್ಲ್ಯಾಟುಗಳಲ್ಲಿ ನೆಲೆಸಿದ ಅನೇಕರಿಗೆ ಗ್ಯಾಸ್ ಗೀಸರೇ ಆಧಾರ.

ಈ ಉಪಕರಣ ಬೆಲೆಯಲ್ಲಿ ಅಗ್ಗ, ವಿದ್ಯುತ್ತು ಹೋದರೂ ನೀರು ಕಾಯಿಸಬಲ್ಲದು. ಆದರೆ ಬೆಂಗಳೂರಿನ ಸ್ನಾನಗೃಹಗಳಲ್ಲಿ ಇದರಿಂದ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇದೆ. ಇಂತಹ ಬಹುಪಾಲು ದುರಂತಗಳಲ್ಲಿ ಸ್ಫೋಟವೂ ಇಲ್ಲ, ಬೆಂಕಿಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಅಷ್ಟೆ. ಇದರ ಕಾರಣವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ವಾಸನೆಯಿಲ್ಲದ ವಿಷ

ಅಡುಗೆ ಅನಿಲಕ್ಕೆ ಸಹಜವಾದ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಅದಕ್ಕೆ ಬೆರೆಸುತ್ತಾರೆ. ಆದುದರಿಂದ ವಾಸನೆ ಬಾರದಿದ್ದರೆ ಅಪಾಯವಿಲ್ಲವೆಂದು ನಾವು ನಂಬಿಬಿಡುತ್ತೇವೆ. ಗೀಸರಿನ ವಿಷಯದಲ್ಲಿ ಈ ನಂಬಿಕೆಯೇ ಮಾರಕ. ಉರಿಯುವ ಅನಿಲಕ್ಕೆ ಸಾಕಷ್ಟು ಗಾಳಿ ದೊರೆಯದಿದ್ದರೆ ದಹನ ಅಪೂರ್ಣವಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನು ಬಿಗಿದಪ್ಪುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಕೈಕಾಲುಗಳಲ್ಲಿ ಬಲವಿಲ್ಲದೆ ಬಾಗಿಲ ಚಿಲಕ ತೆಗೆಯಲೂ ಆಗದ ಸ್ಥಿತಿ.

ನಮ್ಮ ಹಿರಿಯರ ಬಚ್ಚಲುಮನೆಯನ್ನು ಇಲ್ಲಿ ನೆನೆಯಬೇಕು. ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಹೊಗೆ ಹೋಗಲು ಹಂಚಿನ ಸಂದು, ಗವಾಕ್ಷಿಗಳಿದ್ದವು. ಹೊಗೆ ಕಟ್ಟಿಕೊಂಡರೆ ಕಣ್ಣೇ ಉರಿದು ಎಚ್ಚರಿಸುತ್ತಿತ್ತು. ಇಂದಿನ ನಾಲ್ಕಡಿ ಆರಡಿಯ ಸ್ನಾನಗೃಹದಲ್ಲಿ ಉರಿಯಿದೆ, ಗವಾಕ್ಷಿಯಿಲ್ಲ. ಚಳಿಗೆಂದು ಇದ್ದೊಂದು ಕಿಂಡಿಯನ್ನೂ ಮುಚ್ಚುವ ಈ ತಿಂಗಳುಗಳಲ್ಲಿಯೇ ಅಪಾಯ ಹೆಚ್ಚು.

ಗೀಸರಿನ ಸ್ಥಾನ

ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಹಿತ್ತಲ ಗೋಡೆಯಲ್ಲೋ ಕೂರಿಸಿ, ಕೊಳವೆಯ ಮೂಲಕ ಬಿಸಿನೀರನ್ನಷ್ಟೇ ಒಳಗೆ ತರುವುದು ಉತ್ತಮ. ಬಾಡಿಗೆ ಮನೆಯಾದರೆ ಮಾಲೀಕರೊಡನೆ ಈ ಮಾತನ್ನು ಸಂಕೋಚವಿಲ್ಲದೆ ಆಡಿರಿ. ಗೀಸರು ಸದ್ಯಕ್ಕೆ ಒಳಗೇ ಇದ್ದರೆ ಬಾಗಿಲನ್ನೂ ಕಿಟಕಿಯನ್ನೂ ತೆರೆದಿಟ್ಟು ಬಕೀಟಿಗೆ ನೀರು ತುಂಬಿಕೊಂಡು, ಗೀಸರನ್ನು ಆರಿಸಿ, ಒಳಗಿನ ಗಾಳಿ ಹೊರಹೋದ ಬಳಿಕವೇ ಸ್ನಾನಕ್ಕೆ ಹೋಗಬೇಕು. ಗೀಸರು ಉರಿಯುತ್ತಿರುವಾಗ ಬಾಗಿಲು ಹಾಕಿಕೊಂಡು ಷವರಿನಡಿ ನಿಲ್ಲುವುದು ಎಂದಿಗೂ ಸಲ್ಲದು. ಎಗ್ಸಾಸ್ಟ್ ಫ್ಯಾನ್ ಒಂದನ್ನೇ ನಂಬುವುದೂ ಸರಿಯಲ್ಲ; ಹೊಸ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ವರ್ಷಕ್ಕೊಮ್ಮೆ ಆರೈಕೆ

ಮಳೆಗಾಲದಲ್ಲಿ ಗೀಸರಿನ ಒಳಗೆ ಧೂಳು ಸೇರುತ್ತದೆ, ಜೇಡ ಬಲೆ ಕಟ್ಟುತ್ತದೆ. ಬರ್ನರಿನ ರಂಧ್ರಗಳು ಕಟ್ಟಿಕೊಂಡರೆ ಉರಿ ಕೆಡುತ್ತದೆ. ಚಳಿ ಬಲಿಯುವ ಮೊದಲೇ ಪರಿಣತ ತಂತ್ರಜ್ಞರನ್ನು ಕರೆಸಿ ಬರ್ನರನ್ನೂ ಅದರ ಮೇಲಿನ ಕಾಡಿಗೆಯನ್ನೂ ಶುಚಿ ಮಾಡಿಸಿರಿ. ಜ್ವಾಲೆ ನೀಲಿಯಾಗಿ, ನೆಟ್ಟಗೆ ಉರಿಯಬೇಕು. ಹಳದಿ ಉರಿ, ಗೋಡೆಯ ಮೇಲೆ ಮಸಿ ಕಂಡರೆ ಅಂದಿನಿಂದಲೇ ಬಳಕೆ ನಿಲ್ಲಿಸಿರಿ. ಆದರೆ ನೀಲಿ ಜ್ವಾಲೆಯೆಂದ ಮಾತ್ರಕ್ಕೆ ಬಾಗಿಲು ಮುಚ್ಚಬಹುದೆಂದಲ್ಲ.

ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ನೀರು ಹರಿಯುವ ತಾಮ್ರದ ನಳಿಗೆಯೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ನೀರಿನ ಧಾರೆ ಸಣ್ಣದಾಗುವುದು, ಕಾಯಲು ತಡವಾಗುವುದು ಅದರ ಲಕ್ಷಣ. ಪೊರೆಯನ್ನು ತೆಗೆಸಿ, ನೀರು ಒಳಬರುವಲ್ಲಿರುವ ಜಾಲರಿಯನ್ನೂ ತೊಳೆಸಿರಿ. ಕಿಡಿ ಹೊತ್ತಿಸುವ ಬ್ಯಾಟರಿ ಸೆಲ್ಲುಗಳನ್ನು ಬದಲಿಸಿರಿ.

ಅನಿಲದ ರಬ್ಬರ್ ಕೊಳವೆಗೆ ಐ.ಎಸ್.ಐ. ಗುರುತಿರಲಿ, ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ, ಅದನ್ನು ಬದಲಿಸಿರಿ. ಸೋರಿಕೆಯನ್ನು ಪರೀಕ್ಷಿಸಲು ಜೋಡಣೆಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡಬೇಕು; ಬೆಂಕಿಕಡ್ಡಿ ಗೀರಲೇಬಾರದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ನಿಲ್ಲುತ್ತದೆ. ನಗರದ ಹಲವು ಬಡಾವಣೆಗಳಿಗೆ ಕೊಳವೆ ಅನಿಲ ಬಂದಿದೆ. ಸಿಲಿಂಡರಿಗೆಂದು ತಯಾರಾದ ಗೀಸರನ್ನು ತಂತ್ರಜ್ಞರ ಮಾರ್ಪಾಡಿಲ್ಲದೆ ಅದಕ್ಕೆ ಜೋಡಿಸಬಾರದು.

ಅವಘಡ ಸಂಭವಿಸಿದರೆ

ಒಳಗಿದ್ದವರು ಕರೆದರೆ ಓಗೊಡದಿದ್ದಲ್ಲಿ ಕಾಯುತ್ತ ಕೂರದೆ ಬಾಗಿಲು ತೆರೆದು, ಅವರನ್ನು ಬಯಲಿನ ಗಾಳಿಗೆ ತನ್ನಿರಿ. ಗ್ಯಾಸನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಿರಿ. ಉಸಿರಾಟ ನಿಂತಿದ್ದರೆ, ಬಲ್ಲವರು ಕೃತಕ ಉಸಿರಾಟ ನೀಡಲಿ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರು ಈ ವಿಷವನ್ನು ಗುರುತಿಸಲಾರದು. ಅಂಕಿ ಸರಿಯಿದೆಯೆಂದು ಸುಮ್ಮನಾಗಬೇಡಿರಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ದು, ಗೀಸರಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಬರಿಯ ಅನಿಲ ಸೋರಿಕೆಯಾದರೆ ವಿದ್ಯುತ್ ಸ್ವಿಚ್ಚು ಮುಟ್ಟದೆ, ಕಿಟಕಿಗಳನ್ನು ತೆರೆದು ಹೊರಬಂದು 1906ಕ್ಕೆ ತಿಳಿಸಿರಿ.

ಮನೆಯ ಯಜಮಾನರು, ಗೃಹಿಣಿಯರು ಈ ಭಾನುವಾರವೇ ಅರ್ಧ ಗಂಟೆ ಬಿಡುವು ಮಾಡಿಕೊಂಡು ಸ್ನಾನಗೃಹದ ಕಿಟಕಿಯನ್ನೊಮ್ಮೆ ನೋಡಲಿ. ಅಂಟಿಸಿದ ಕಾಗದ, ತುರುಕಿದ ಬಟ್ಟೆ ಇದ್ದರೆ ತೆಗೆದುಹಾಕಲಿ. ಮಕ್ಕಳಿಗೂ ವೃದ್ಧರಿಗೂ ಮನೆಗೆಲಸದವರಿಗೂ ನೀರು ತುಂಬಿಸಿ, ಗೀಸರು ಆರಿಸಿ, ಆಮೇಲೆ ಸ್ನಾನ ಮಾಡುವ ಕ್ರಮವನ್ನು ಕಲಿಸಲಿ. ಆ ಕಿಟಕಿಯಿಂದ ನುಗ್ಗುವ ಚಳಿಗಾಳಿಯನ್ನು ತಾಳಿಕೊಳ್ಳಬಹುದು. ಅದನ್ನು ಮುಚ್ಚಿದ್ದರಿಂದ ಒದಗುವ ನಷ್ಟವನ್ನು ಯಾವ ಕುಟುಂಬವೂ ತಾಳಲಾರದು.