ಹೊರಗೋಡೆಗೆ ಮಣ್ಣಿನ ಬಣ್ಣವೇ ಯಾಕೆ?

ರಜೆಗೆ ಊರಿಗೆ ಹೋದಾಗ ಅಪ್ಪ ಕೇಳ್ತಾರೆ: "ಇಂಜಿನಿಯರಿಂಗ್ ಓದ್ತಿದೀಯಲ್ಲ, ಮನೆಗೆ ಯಾವ ಬಣ್ಣ ಹೊಡೆಸೋಣ ಹೇಳು." ಆಗ ಶೇಡ್ ಕಾರ್ಡ್ ನೋಡಿ ಕಣ್ಣಿಗೆ ಹೊಡೆದದ್ದನ್ನು ತೋರಿಸಿಬಿಡಬೇಡಿ. ಕೂಲಿ, ಪೇಂಟು, ಸಾರುವೆ ಎಲ್ಲ ಸೇರಿದರೆ ದೊಡ್ಡ ಖರ್ಚು. ಒಮ್ಮೆ ಹೊಡೆಸಿದ್ರೆ ವರ್ಷಗಟ್ಟಲೆ ಅದೇ ಬಣ್ಣ.

ಕ್ರೀಮ್, ಐವರಿ, ಮರಳಿನ ಬಣ್ಣ, ತಿಳಿಗಂದು ಇವುಗಳನ್ನು 'ಬೋರಿಂಗ್' ಅಂತೀವಿ. ಆದರೆ ಅವುಗಳ ಹಿಂದೆ ಗಟ್ಟಿ ಕೆಮಿಸ್ಟ್ರಿ ಇದೆ.

ಮಾಸದ ಬಣ್ಣ

ಪೇಂಟಿನ ಬಿಳುಪಿಗೆ ಮುಖ್ಯ ಕಾರಣ ಟೈಟಾನಿಯಂ ಡೈಆಕ್ಸೈಡ್. ಅದಕ್ಕೆ ಹಳದಿ, ಕೆಂಪು ಐರನ್ ಆಕ್ಸೈಡ್ ಸ್ವಲ್ಪ ಬೆರೆಸಿದ್ರೆ ಕ್ರೀಮ್, ಮರಳಿನ ಬಣ್ಣಗಳು ಸಿಗುತ್ತವೆ. ನಮ್ಮ ಕೆಮ್ಮಣ್ಣಿನ ಕೆಂಪಿಗೂ ಐರನ್ ಆಕ್ಸೈಡೇ ಕಾರಣ. ಅದು ಬಿಸಿಲಿಗೆ ಸುಲಭವಾಗಿ ಒಡೆಯಲ್ಲ. ಕಡು ಗುಲಾಬಿ, ನೇರಳೆಯಂಥ ಬಣ್ಣಗಳಲ್ಲಿ ಹೆಚ್ಚಾಗಿ ಆರ್ಗ್ಯಾನಿಕ್ ಪಿಗ್ಮೆಂಟ್ ಇರುತ್ತೆ. ಅಲ್ಟ್ರಾವಯಲೆಟ್ ಕಿರಣ ಅವುಗಳ ಬಾಂಡ್ ಮುರಿಯುತ್ತೆ, ಬಣ್ಣ ಬೇಗ ಮಾಸುತ್ತೆ. ದೇವಸ್ಥಾನದ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದವರು, ಕರಾವಳಿಯಲ್ಲಿ ಕಾವಿ ಚಿತ್ರ ಬರೆದವರು ನೆಚ್ಚಿಕೊಂಡಿದ್ದೂ ಇದೇ ಮಣ್ಣನ್ನು.

ಬಿಸಿಲಿನ ಲೆಕ್ಕ

ಬಣ್ಣ ಎಷ್ಟು ಬೆಳಕು ವಾಪಸ್ ಕಳಿಸುತ್ತೆ ಅನ್ನೋದಕ್ಕೆ ಎಲ್‌ಆರ್‌ವಿ ಅಂತ ಅಳತೆ ಇದೆ. ಕಡುಕಪ್ಪಿಗೆ 0, ಅಚ್ಚಬಿಳಿಗೆ 100. ತಿಳಿ ಕ್ರೀಮ್ ಸುಮಾರು 70ರ ಮೇಲಿರುತ್ತೆ. ಈಗ ಫ್ಯಾಷನ್ ಆಗಿರೋ ಕಡುಬೂದು 10-15ರ ಆಸುಪಾಸು. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಹಾಗಾಗಿ ಎಲ್‌ಆರ್‌ವಿ ಒಂದೇ ಪೂರ್ತಿ ಲೆಕ್ಕ ಅಲ್ಲ. ಆದರೂ ಸಂಜೆ ಬಿಸಿಲು ಬೀಳೋ ಪಶ್ಚಿಮದ ಗೋಡೆಗೆ ಕಡುಬೂದು ಹೊಡೆಸಿದ್ರೆ ಒಳಗಿನ ರೂಮು ಕಾಯೋದು ಖಂಡಿತ. ಹಾಗಾದ್ರೆ ಅಚ್ಚಬಿಳಿ? ತಂಪೇನೋ ಹೌದು, ಆದರೆ ಕಣ್ಣಿಗೆ ಕುಕ್ಕುತ್ತೆ, ಮಳೆಗೆ ಸಿಡಿದ ಕೆಸರು ಎದ್ದು ಕಾಣುತ್ತೆ.

ಆರಿಸೋದು ಹೇಗೆ?

ಕಾರ್ಡಿನ ಚಿಕ್ಕ ಚೌಕದಲ್ಲಿ ಕಂಡದ್ದಕ್ಕಿಂತ ದೊಡ್ಡ ಗೋಡೆಯಲ್ಲಿ, ಬಿಸಿಲಿನಲ್ಲಿ ಬಣ್ಣ ಇನ್ನೂ ತಿಳಿಯಾಗಿ ಕಾಣುತ್ತೆ. ಚಿಕ್ಕ ಡಬ್ಬಿ ತಂದು ಎರಡು ಬೇರೆ ಬೇರೆ ಗೋಡೆಗಳ ಮೇಲೆ ಎರಡಡಿ ಚೌಕ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ನೆಲದ ಟೈಲ್ಸು, ಹೆಂಚಿನ ಬಣ್ಣದ ಪಕ್ಕದಲ್ಲೇ ನೋಡಿ. ಗೋಡೆಗೆ ಕ್ರೀಮ್, ಸಜ್ಜಾ-ಕಾಂಪೌಂಡಿಗೆ ಒಂದು ಶೇಡ್ ಗಾಢವಾದ ಮರಳಿನ ಬಣ್ಣ, ಗೇಟು-ಗ್ರಿಲ್ಲಿಗೆ ಕಡುಗಂದು: ಮೂರೇ ಸಾಕು.

ಬಣ್ಣಕ್ಕಿಂತ ಮೊದಲು

ತಾರಸಿಯ ಸೋರಿಕೆ, ಪೈಪಿನ ತೇವ ನಿಲ್ಲಿಸದೆ ಎಂಥ ದುಬಾರಿ ಪೇಂಟ್ ಹೊಡೆಸಿದ್ರೂ ಅದು ಉಬ್ಬಿ, ಹಪ್ಪಳದ ಹಾಗೆ ಏಳುತ್ತೆ. ಪಾಚಿ ಉಜ್ಜಿ ತೊಳೀಬೇಕು, ಬಿರುಕು ತುಂಬಬೇಕು, ಗೋಡೆ ಪೂರ್ತಿ ಒಣಗಬೇಕು. ಹೊಸ ಗಾರೆಯಲ್ಲಿ ಕ್ಷಾರ ಜಾಸ್ತಿ. ನಾಲ್ಕು ವಾರವಾದರೂ ಬಿಟ್ಟು, ಕ್ಷಾರ ತಡೆಯೋ ಪ್ರೈಮರ್ ಹೊಡೆದ ಮೇಲೇ ಪೇಂಟು.

ಹಾಗಾಗಿ ಅಪ್ಪ ಬಣ್ಣ ಕೇಳಿದಾಗ ಮೊದಲು ತಾರಸಿ ಹತ್ತಿ ನೋಡಿ. ಶೇಡ್ ಕಾರ್ಡ್ ಆಮೇಲೆ ಬಿಚ್ಚಿದ್ರಾಯ್ತು.