ಅಡುಗೆಮನೆಯ ಪ್ಲಾಸ್ಟಿಕ್ ಹೋಗಿ ಗಾಜು ಬರಲಿ: ಯಾವ ಡಬ್ಬಿ ಮೊದಲು?

ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಒಮ್ಮೆಗೇ ಎಸೆದು ಗಾಜಿನ ಹೊಸ ಸೆಟ್ ತರಬೇಕೆಂದು ಯೋಚಿಸುತ್ತಿದ್ದೀರಾ? ದಯವಿಟ್ಟು ಸ್ವಲ್ಪ ತಡೆಯಿರಿ. ಗಾಜು ತಯಾರಾಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ. ಅದಕ್ಕೆ ಬೇಕಾಗುವ ಇಂಧನ ಬಹಳ. ತೂಕ ಜಾಸ್ತಿಯಾದ್ದರಿಂದ ಸಾಗಣೆಗೂ ಖರ್ಚು ಹೆಚ್ಚು. ಒಂದು ಬಾಟಲಿಯನ್ನು ವರ್ಷಗಟ್ಟಲೆ ಬಳಸಿದರೆ ಮಾತ್ರ ಆ ಖರ್ಚು ಸಾರ್ಥಕ. ಹಾಗಾಗಿ ಎಲ್ಲಿ ಅಗತ್ಯವೋ ಅಲ್ಲಿಂದ ಶುರುಮಾಡೋಣ.

ಪ್ಲಾಸ್ಟಿಕ್‌ಗೆ ಬಿಸಿ ಆಗಿಬರುವುದಿಲ್ಲ. ಕಾವು ತಾಗಿದಾಗ ಅದರಿಂದ ಮೈಕ್ರೋಪ್ಲಾಸ್ಟಿಕ್, ಅಂದರೆ ಬಹಳ ಸಣ್ಣ, ಹೆಚ್ಚಾಗಿ ಬರಿಗಣ್ಣಿಗೆ ಕಾಣದ ಚೂರುಗಳು, ಕಳಚಿಕೊಂಡು ಆಹಾರಕ್ಕೆ ಸೇರುತ್ತವೆ. ಐರ್ಲೆಂಡಿನ ಸಂಶೋಧಕರು 2020ರಲ್ಲಿ ಮಕ್ಕಳ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದರು. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ನಮ್ಮ ಊಟದ ಡಬ್ಬಿಗಳಲ್ಲಿ ಅನೇಕವು ಇದೇ ಜಾತಿಯವು. ತಿರುಗಿಸಿ ನೋಡಿದರೆ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಕಾಣುತ್ತದೆ. 70 ಡಿಗ್ರಿಯ ಬಿಸಿನೀರು ಹಾಕಿ ಕುಲುಕಿದಾಗ ಲೀಟರಿಗೆ 1 ಕೋಟಿ 60 ಲಕ್ಷದವರೆಗೂ ಚೂರುಗಳು ಸಿಕ್ಕವು. ನೀರು ಬಿಸಿಯಾದಷ್ಟೂ ಲೆಕ್ಕ ಏರಿತು. ಇವು ದೇಹಕ್ಕೆ ಎಷ್ಟು ಕೆಡುಕು ಮಾಡುತ್ತವೆ ಎಂಬ ಅಧ್ಯಯನ ಇನ್ನೂ ನಡೆದಿದೆ. ಕುದಿಯುವ ಸಾರನ್ನು ಪ್ಲಾಸ್ಟಿಕ್‌ಗೆ ಸುರಿಯದಿರಲು ನನಗಂತೂ ಇಷ್ಟು ಸಾಕು.

ಎಣ್ಣೆಯೂ ಹಾಗೆಯೇ. ಪ್ಲಾಸ್ಟಿಕ್‌ಗೆ ಬೆರೆಸುವ ಕೆಲವು ರಾಸಾಯನಿಕಗಳು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತವೆ. ಹುಳಿ ಹಾಕಿಟ್ಟ ಡಬ್ಬಿಗೆ ಅರಿಶಿನದ ಕಲೆ ಹತ್ತಿ, ಎಷ್ಟು ತಿಕ್ಕಿದರೂ ಹೋಗುವುದಿಲ್ಲವಲ್ಲ, ಅದು ಎಣ್ಣೆಯ ಜೊತೆ ಪ್ಲಾಸ್ಟಿಕ್‌ನೊಳಗೇ ಇಳಿದಿರುತ್ತದೆ. ಆದ್ದರಿಂದ ಮೊದಲು ಬದಲಿಸಬೇಕಾದವು ಬಿಸಿ ಸಾರು, ಪಲ್ಯ ಹಾಕಿಡುವ ಡಬ್ಬಿಗಳು. ಆಮೇಲೆ ಉಪ್ಪಿನಕಾಯಿ, ತುಪ್ಪ, ಎಣ್ಣೆ, ಗೊಜ್ಜಿನವು. ಬೇಳೆ, ರವೆ, ಅವಲಕ್ಕಿಯಂಥ ಒಣ ಪದಾರ್ಥ ಇರುವ ಡಬ್ಬಿಗಳು ಒಡೆಯುವ ತನಕ ಇರಲಿ. ಅವನ್ನು ಈಗಲೇ ಎಸೆದರೆ ಕಸವಷ್ಟೇ ಹೆಚ್ಚುತ್ತದೆ.

ಬಿಸಿ ಹಾಕಿದರೆ ಗಾಜು ಸೀಳುವುದಿಲ್ಲವೇ ಎಂದು ನೀವು ಕೇಳಬಹುದು. ಅದು ಯಾವ ಗಾಜು ಎಂಬುದರ ಮೇಲಿದೆ. ಜಾಮ್, ಕಾಫಿಪುಡಿ, ಜೇನುತುಪ್ಪದ ಬಾಟಲಿಗಳು ಸೋಡಾ-ಲೈಮ್ ಗಾಜಿನವು. ಮರಳು, ಸೋಡಾ, ಸುಣ್ಣಕಲ್ಲು ಕರಗಿಸಿ ಮಾಡಿದ ಸಾಮಾನ್ಯ ಗಾಜು ಇದು. ಬಿಸಿ ಬಿದ್ದಾಗ ಒಳಮೈ ಥಟ್ಟನೆ ಹಿಗ್ಗುತ್ತದೆ, ಹೊರಮೈ ಹಿಗ್ಗಿರುವುದಿಲ್ಲ. ಈ ಎಳೆದಾಟದಲ್ಲಿ ಸೀಳು ಬಿಡುತ್ತದೆ. ತಳ ದಪ್ಪವಿದ್ದಷ್ಟೂ ಅಪಾಯ ಜಾಸ್ತಿ. ಇನ್ನೊಂದು ಬಗೆ ಬೊರೋಸಿಲಿಕೇಟ್, ಅಂದರೆ ಬೋರಾನ್ ಸೇರಿಸಿದ ಗಾಜು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಓಟೋ ಶಾಟ್ ಇದನ್ನು ರೂಪಿಸಿದರು. ಇದು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಪ್ರಯೋಗಶಾಲೆಯ ಬೀಕರ್‌ಗಳನ್ನು ಇದರಿಂದಲೇ ಮಾಡುತ್ತಾರೆ.

ಬಿಸಿ ಅಡುಗೆಗೆ ಬೊರೋಸಿಲಿಕೇಟ್ ಎಂದು ತಳದಲ್ಲೋ ಪೆಟ್ಟಿಗೆಯ ಮೇಲೋ ಬರೆದಿರುವುದನ್ನೇ ಕೊಳ್ಳಿ. ಹಳೆಯ ಬಾಟಲಿಗಾದರೆ ಪದಾರ್ಥ ಪೂರ್ತಿ ಆರಿದ ಮೇಲೆ ತುಂಬಿ. ಫ್ರಿಜ್‌ನಿಂದ ತೆಗೆದ ತಕ್ಷಣ ಯಾವ ಗಾಜಿಗೂ ಬಿಸಿನೀರು ಹಾಕಬೇಡಿ. ನೇರ ಉರಿಯ ಮೇಲಂತೂ ಇಡಲೇಬೇಡಿ. ಫ್ರೀಜರ್‌ಗೆ ಇಡುವಾಗ ಮೇಲೆ ಎರಡು ಬೆರಳು ಜಾಗ ಬಿಡಿ; ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ. ದೋಸೆಹಿಟ್ಟನ್ನು ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಬೇಡಿ. ಹುದುಗುವಾಗ ಹೊರಡುವ ಗಾಳಿಗೆ ದಾರಿ ಬೇಕು.

ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ 2025ರಲ್ಲಿ ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆಗೆ ಕಂಡದ್ದು ಇದು: ಗಾಜಿನ ಬಾಟಲಿಯ ತಂಪುಪಾನೀಯ ಮತ್ತು ಬಿಯರ್‌ನಲ್ಲಿ, ಪ್ಲಾಸ್ಟಿಕ್ ಬಾಟಲಿಯದಕ್ಕಿಂತ ಹೆಚ್ಚು ಮೈಕ್ರೋಪ್ಲಾಸ್ಟಿಕ್ ಇತ್ತು. ಅದು ಬಂದದ್ದು ಲೋಹದ ಮುಚ್ಚಳದ ಹೊರಗಿನ ಬಣ್ಣದಿಂದ. ಮುಚ್ಚಳ ಹಾಕುವ ಮೊದಲು ಗಾಳಿ ಊದಿ ತೊಳೆದಾಗ ಪ್ರಮಾಣ ಬಹಳ ಇಳಿಯಿತು. ಮನೆಯಲ್ಲೂ ಬಣ್ಣ ಎದ್ದ, ತುಕ್ಕು ಹಿಡಿದ ಮುಚ್ಚಳ ಬೇಡ. ಉಪ್ಪಿನಕಾಯಿಯ ಉಪ್ಪು, ಹುಳಿ ತಗಡನ್ನು ಬೇಗ ತಿನ್ನುತ್ತವೆ. ಅದಕ್ಕೆ ಗಾಜಿನ ಮುಚ್ಚಳದ ಜಾಡಿಯೇ ಒಳ್ಳೆಯದು. ಮನೆಯಲ್ಲಿ ಅಜ್ಜಿಯ ಪಿಂಗಾಣಿ ಭರಣಿ ಅಟ್ಟದ ಮೇಲಿದ್ದರೆ, ಮೈ ಬಿರುಕು ಬಿಟ್ಟಿಲ್ಲವೆಂದು ನೋಡಿಕೊಂಡು ಇಳಿಸಿ. ಬಾಯಿಗೆ ಒಗೆದ ಬಟ್ಟೆ ಕಟ್ಟಿದರೆ ಆಯಿತು.

ಹಳೆ ಬಾಟಲಿ ಸಿದ್ಧಮಾಡುವುದು ಸುಲಭ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟರೆ ಚೀಟಿ ಬಿಡುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಅಡುಗೆ ಸೋಡಾ ಹಾಕಿ ಉಜ್ಜಿ. ಕೈ ಹೋಗದ ಬಾಟಲಿಗೆ ಒಂದು ಹಿಡಿ ಅಕ್ಕಿ, ಸೋಪಿನ ನೀರು ಹಾಕಿ ಕುಲುಕಿ. ಕುದಿಸುವುದಿದ್ದರೆ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲೇ ಬಾಟಲಿ ಇಟ್ಟು ಒಲೆ ಹಚ್ಚಿ. ಕುದಿ ಬಂದ ಮೇಲೆ 10 ನಿಮಿಷ ಬಿಡಿ. ನಂತರ ಬಿಸಿಲಿಗಿಟ್ಟು ಒಂದು ಹನಿಯೂ ಉಳಿಯದಂತೆ ಒಣಗಿಸಿ. ತೇವ ಉಳಿದರೆ ಬೂಷ್ಟು ಬರುತ್ತದೆ.

ಖರ್ಚಿನ ಮಾತು. ಮನೆಗೇ ಬಂದ ಬಾಟಲಿಗೆ ಖರ್ಚಿಲ್ಲ. ಒಂದು ಲೀಟರಿನ ಸಾದಾ ಜಾಡಿಗೆ 100ರಿಂದ 200 ರೂಪಾಯಿ, ಊಟದ ಗಾತ್ರದ ಬೊರೋಸಿಲಿಕೇಟ್ ಡಬ್ಬಿಗೆ 300ರಿಂದ 500 ರೂಪಾಯಿ ಎಂದು ಅಂದಾಜು ಇಟ್ಟುಕೊಳ್ಳಿ. ಕಂಪನಿ, ಊರು ನೋಡಿ ಬೆಲೆ ಬದಲಾಗುತ್ತದೆ. ಬೆಂಗಳೂರಿನವರು ಚಿಕ್ಕಪೇಟೆ ಸುತ್ತಮುತ್ತಲ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಬಹುದು. ಬೇರೆ ಊರುಗಳಲ್ಲಿ ಪೇಟೆಯ ಪಾತ್ರೆ ಅಂಗಡಿಗಳಿವೆ. ಗುಜರಿ ಅಂಗಡಿಯಲ್ಲೂ ಒಳ್ಳೆಯ ಬಾಟಲಿ ಸಿಗುತ್ತದೆ. ಆದರೆ ಔಷಧ, ಫಿನಾಯಿಲ್ ಇದ್ದ ಬಾಟಲಿ ಬೇಡವೇ ಬೇಡ. ಕೊಳ್ಳುವಾಗ ಬಾಯಿಯ ಅಂಚಿನ ಸುತ್ತ ಬೆರಳಾಡಿಸಿ, ಚಕ್ಕೆ ಎದ್ದಿದೆಯೇ ನೋಡಿ. ಮುಚ್ಚಳ ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿ.

ಶಾಲೆಗೆ ಹೋಗುವ ಮಕ್ಕಳ ಚೀಲಕ್ಕೆ ಮಾತ್ರ ಗಾಜು ಹಾಕಬೇಡಿ. ಭಾರವೂ ಹೌದು, ಬಿದ್ದರೆ ಗಾಯವೂ ಹೌದು. ಅಲ್ಲಿ ಸ್ಟೀಲ್ ಡಬ್ಬಿಯೇ ಸರಿ.

ಒಡೆದ ಚೂರುಗಳನ್ನು ಹಸಿ ಕಸದ ಜೊತೆ ಸೇರಿಸಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಪೌರಕಾರ್ಮಿಕರ ಕೈಗೆ ಕೊಡುವಾಗ ಬಾಯಿಮಾತಿನಲ್ಲೂ ಹೇಳಿ. ಸಾಮಾನ್ಯ ಗಾಜು ಎಷ್ಟು ಸಲವಾದರೂ ಕರಗಿ ಹೊಸ ಬಾಟಲಿಯಾಗುತ್ತದೆ. ಬೊರೋಸಿಲಿಕೇಟ್ ಕರಗಲು ಹೆಚ್ಚು ಕಾವು ಬೇಕು, ಬೆರೆತರೆ ಹೊಸ ಬಾಟಲಿ ಕೆಡುತ್ತದೆ. ಅದರ ಚೂರುಗಳನ್ನು ಬೇರೆಯೇ ಸುತ್ತಿ ಕೊಡಿ.