ಕನ್ನಡ ಮುಕ್ತ ಫಾಂಟ್‌ಗಳ ಪರವಾನಗಿ ಹೊಂದಾಣಿಕೆ

ಬೇರೆ ಬೇರೆ ಪರವಾನಗಿಗಳಡಿ ಬಿಡುಗಡೆಯಾದ ತಂತ್ರಾಂಶಗಳನ್ನು, ಎಲ್ಲ ಷರತ್ತುಗಳನ್ನೂ ಪಾಲಿಸುತ್ತ, ಒಂದೇ ಕೃತಿಯಾಗಿ ಬೆರೆಸಿ ಹಂಚಲು ಸಾಧ್ಯವಿರುವುದನ್ನು ಪರವಾನಗಿ ಹೊಂದಾಣಿಕೆ ಎನ್ನುತ್ತಾರೆ. ಮುಕ್ತವಾದವುಗಳೆಲ್ಲ ಪರಸ್ಪರ ಬೆರೆಯುತ್ತವೆಂಬ ಭಾವನೆ ಸರಿಯಲ್ಲ. ಕನ್ನಡದ ಯೂನಿಕೋಡ್ ಫಾಂಟ್‌ಗಳೇ ಇದಕ್ಕೆ ನಿದರ್ಶನ.

ತುಮಕೂರು ಜಿಲ್ಲೆಯ ಪಟ್ಟಣವೊಂದರ ಹೆಸರೂ ಆಗಿರುವ ‘ಗುಬ್ಬಿ’ ಫಾಂಟ್ ಜಿಪಿಎಲ್ 3ನೆಯ ಆವೃತ್ತಿಯಡಿ ದೊರೆಯುತ್ತದೆ. ‘ನವಿಲು’ ಫಾಂಟಿನದು ಓಎಫ್‌ಎಲ್, ಅಂದರೆ ಓಪನ್ ಫಾಂಟ್ ಲೈಸೆನ್ಸ್. ಡೆಬಿಯನ್, ಫೆಡೋರಾಗಳು ಇವೆರಡನ್ನೂ ಪ್ರತ್ಯೇಕ ಪ್ಯಾಕೇಜುಗಳಾಗಿ ವಿತರಿಸುತ್ತವೆ. ಹೀಗೆ ಅಕ್ಕಪಕ್ಕದಲ್ಲಿರಿಸಿ ಹಂಚಲು ಅಡ್ಡಿಯಿಲ್ಲ. ಆದರೆ ಗುಬ್ಬಿಯ ಒತ್ತಕ್ಷರಗಳನ್ನು ನವಿಲಿಗೆ ಜೋಡಿಸಿ ಹೊಸ ಫಾಂಟ್ ಹೊರತರುವಂತಿಲ್ಲ. ಮಾರ್ಪಡಿಸಿದ ಕೃತಿಯು ಜಿಪಿಎಲ್‌ನಲ್ಲೇ ಇರಬೇಕೆಂದು ಒಂದು ವಿಧಿಸಿದರೆ, ಓಎಫ್‌ಎಲ್‌ನಲ್ಲೇ ಇರಬೇಕೆಂದು ಇನ್ನೊಂದು ವಿಧಿಸುತ್ತದೆ. ಹಕ್ಕುದಾರರ ಒಪ್ಪಿಗೆ ಪಡೆಯುವುದೊಂದೇ ದಾರಿ.

ಇನ್ನೊಂದು ತೊಡಕೂ ಉಂಟು. ಉದಾಹರಣೆಗೆ, ಮಧುಗಿರಿಯ ಶಾಲೆಯೊಂದು ತನ್ನ ವಾರ್ಷಿಕ ಸಂಚಿಕೆಯ ಪಿಡಿಎಫ್‌ನಲ್ಲಿ ಜಿಪಿಎಲ್ ಫಾಂಟನ್ನು ಅಡಕಗೊಳಿಸಿದರೆ, ಮಕ್ಕಳ ಲೇಖನಗಳಿಗೂ ಜಿಪಿಎಲ್ ಅನ್ವಯಿಸೀತೇ? ಈ ಸಂದೇಹದ ನಿವಾರಣೆಗೆಂದೇ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ‘ಫಾಂಟ್ ವಿನಾಯಿತಿ’ಯನ್ನು ರೂಪಿಸಿದೆ, ಗುಬ್ಬಿಯೊಂದಿಗೆ ಇಂತಹ ವಿನಾಯಿತಿ ಇದೆ. ಓಎಫ್‌ಎಲ್‌ನಲ್ಲಾದರೋ, ಫಾಂಟ್ ಬಳಸಿ ರಚಿಸಿದ ದಾಖಲೆಗಳಿಗೆ ಷರತ್ತು ತಗಲದೆಂದು ಪರವಾನಗಿಯಲ್ಲೇ ಹೇಳಲಾಗಿದೆ. ಲೋಹಿತ್ ಫಾಂಟ್‌ಗಳು 2011ರಲ್ಲಿ ಜಿಪಿಎಲ್‌ನಿಂದ ಓಎಫ್‌ಎಲ್‌ಗೆ ಬದಲಾದವು.